ಆರು ಎಲೆ ಉಳಿದಿದ್ದ ಕಟ್ಟು

ಭಾನುವಾರ ಮಧ್ಯಾಹ್ನ ಮೂರು ಗಂಟೆಗೆ ಅಕ್ಕನ ಮನೆಯ ಊಟದ ಮೇಜು ಖಾಲಿಯಾಗಿರಬೇಕು. ಉಪ್ಪಿನ ಡಬ್ಬಿ, ನೀರಿನ ಜಗ್ಗು, ಭಾವ ಓದಿ ಮಡಚದೆ ಬಿಟ್ಟ ಪೇಪರು ಎಲ್ಲ ಎತ್ತಿಟ್ಟು, ಒದ್ದೆ ಬಟ್ಟೆಯಲ್ಲಿ ಒಮ್ಮೆ, ಒಣ ಬಟ್ಟೆಯಲ್ಲಿ ಎರಡು ಸಲ ಒರೆಸಿರಬೇಕು. ತೇವ ಉಳಿದರೆ ಆಟದ ರಟ್ಟಿನ ಎಲೆಗಳು ಉಬ್ಬುತ್ತವೆ. ಹನ್ನೊಂದು ವರ್ಷ ಈ ಕಟ್ಟಳೆ ತಪ್ಪಿರಲಿಲ್ಲ.

ಮೇಜಿನ ಸುತ್ತ ಐದು ಜನ. ಅಕ್ಕ, ಭಾವ, ಅಕ್ಕನ ತಮ್ಮ ಕತ್ತರಿ, ಮೇಲಿನ ಮಹಡಿಯ ಲೆಕ್ಕದ ಟೀಚರು, ಆ ಕಟ್ಟಡದ ಲಿಫ್ಟು ರಿಪೇರಿಗೆ ಬಂದು ಒಂದು ಆಟ ನೋಡಿ ಅಲ್ಲೇ ಅಂಟಿಕೊಂಡ ಮೆಕ್ಯಾನಿಕ್ಕು. ಕತ್ತರಿ ಅಂದರೆ ಪ್ರೆಸ್ಸಿನಲ್ಲಿ ಕಾಗದ ಕತ್ತರಿಸುವ ಯಂತ್ರ ನಡೆಸುವವನು. ಐವತ್ತು ದಾಟಿತ್ತು, ಮದುವೆಯಾಗಿರಲಿಲ್ಲ, ಹೆಸರು ಹಿಡಿದು ಕರೆಯುವವರು ಯಾರೂ ಉಳಿದಿರಲಿಲ್ಲ. ಟೀಚರು ಮಾತ್ರ ಬಹಳ ಗೌರವದಿಂದ "ಕತ್ತರಿಯವರೇ" ಅನ್ನುತ್ತಿದ್ದರು. ಅದು ಕೇಳಿ ಅಕ್ಕ ಪ್ರತಿ ಸಲವೂ ನಗುತ್ತಿದ್ದಳು.

ಅವರು ಆಡುತ್ತಿದ್ದದ್ದು ಅಂಗಡಿಯಲ್ಲಿ ಸಿಗುವ ಆಟವಲ್ಲ. ಕತ್ತರಿಯೇ ಕೂತು ಕಟ್ಟಿದ ಆಟ. ಪ್ರೆಸ್ಸಿನಲ್ಲಿ ಉಳಿದ ದಪ್ಪ ರಟ್ಟಿನಿಂದ ಮುನ್ನೂರು ಎಲೆ ಕತ್ತರಿಸಿದ್ದ. ನಕ್ಷೆ ಬರೆಯುವ ಕೆಲಸದಿಂದ ನಿವೃತ್ತರಾದ ಭಾವ ಪ್ರತಿ ಎಲೆಗೂ ಒಂದೊಂದು ಮುಖ ಬರೆದಿದ್ದರು. ಒಂದು ಹೊಳೆ, ಅದಕ್ಕೆ ಐದು ದಂಡೆ, ದಂಡೆಗೊಂದು ಬಣ್ಣ. ಎಲೆಯಲ್ಲಿ ಒಬ್ಬ ಗಂಡಸು ಅಥವಾ ಹೆಂಗಸು, ಅವರ ಬಲ ಎಷ್ಟೆಂದು ಹೇಳುವ ಒಂದು ಅಂಕಿ, ಕೆಳಗೆ ಅವರು ಏನು ಮಾಡಬಲ್ಲರು ಅನ್ನುವ ಒಂದು ಸಾಲು. ಅಂಬಿಗ, ಬೀಗ ಮಾಡುವವ, ಗಂಟೆ ಬಾರಿಸುವವಳು, ಕಳ್ಳ, ಸೂಲಗಿತ್ತಿ.

ಆಡುವ ಮೊದಲು ಆರಿಸಬೇಕು. ಪ್ರತಿಯೊಬ್ಬರ ಮುಂದೆ ಹತ್ತು ಎಲೆಗಳ ಒಂದು ಕಟ್ಟು. ಬಿಚ್ಚಿ, ಒಂದನ್ನು ಇಟ್ಟುಕೊಂಡು, ಉಳಿದ ಒಂಬತ್ತನ್ನು ಬೋರಲಾಗಿ ಎಡಗಡೆಯವರಿಗೆ ಕೊಡಬೇಕು. ಬಲಗಡೆಯಿಂದ ಬಂದ ಒಂಬತ್ತರಲ್ಲಿ ಮತ್ತೆ ಒಂದು. ಹೀಗೆ ಕಟ್ಟು ಮುಗಿಯುವವರೆಗೆ, ಒಟ್ಟು ಮೂರು ಸುತ್ತು. ಕೊನೆಗೆ ಕೈಯಲ್ಲಿ ಉಳಿದ ಮೂವತ್ತರಲ್ಲಿ ಇಪ್ಪತ್ತನ್ನು ಹಿಡಿದು ಕಾದಾಟ. "ಗೆಲ್ಲೋದು ಆಡುವಾಗ ಅಲ್ಲ ಕಣೋ, ಆರಿಸುವಾಗ," ಅನ್ನುತ್ತಿದ್ದಳು ಅಕ್ಕ.

ಅವಳು ಮೂವತ್ತಮೂರು ವರ್ಷ ಒಂದೇ ಔಷಧಿ ಅಂಗಡಿಯಲ್ಲಿ ಕೆಲಸ ಮಾಡಿದವಳು. ಚೀಟಿ ನೋಡಿದರೆ ಸಾಕು, ಯಾವ ಕಪಾಟಿನ ಯಾವ ಸಾಲಿನಲ್ಲಿ ಆ ಮಾತ್ರೆ ಇದೆ ಎಂದು ಕೈಗೇ ಗೊತ್ತಿರುತ್ತಿತ್ತು. ಆಟದಲ್ಲೂ ಹಾಗೇ. ಕತ್ತರಿ ಮೊದಲ ಸಲ ಅಂಬಿಗನನ್ನು ಆಟಕ್ಕೆ ಸೇರಿಸಿದಾಗ ಯಾರೂ ಅವನ ಕಡೆ ತಿರುಗಿ ನೋಡಲಿಲ್ಲ. ಬಲ ಬರೀ ಒಂದು. 'ನಿಮ್ಮಲ್ಲಿರುವ ಪ್ರತಿಯೊಬ್ಬ ಬೇರೆ ಅಂಬಿಗನಿಗೂ ಒಂದು ಬಲ ಹೆಚ್ಚು' ಎಂದು ಸಾಲು. ಒಬ್ಬ ಅಂಬಿಗ ಕಸ, ಹಾಗಾಗಿ ಎಲ್ಲರೂ ಕಸದ ಹಾಗೆ ಮುಂದೆ ತಳ್ಳಿದರು. ಅಕ್ಕ ಬಾಯಿ ಬಿಡದೆ ಎಂಟು ಅಂಬಿಗರನ್ನು ಗುಡ್ಡೆ ಹಾಕಿಕೊಂಡು ಕೂತಿದ್ದಳು. ಆಟ ಶುರುವಾಗಿ ಹತ್ತು ನಿಮಿಷಕ್ಕೆ ನಾಲ್ವರನ್ನೂ ಮುಳುಗಿಸಿದಳು. ಮುಂದಿನ ವಾರ ಟೀಚರು, ಮೆಕ್ಯಾನಿಕ್ಕು ಇಬ್ಬರೂ ಅಂಬಿಗನಿಗೆ ಬಾಯಿ ಬಾಯಿ ಬಿಟ್ಟರು. ಒಬ್ಬೊಬ್ಬರಿಗೆ ಮೂರು ಮೂರು ಸಿಕ್ಕಿ ಯಾರಿಗೂ ಉಪಯೋಗಕ್ಕೆ ಬರಲಿಲ್ಲ. ಅವರು ಆ ಗಡಿಬಿಡಿಯಲ್ಲಿ ಬಿಟ್ಟುಕೊಟ್ಟ ಕಳ್ಳರನ್ನೆಲ್ಲ ಬಾಚಿಕೊಂಡು ಮತ್ತೆ ಅಕ್ಕನೇ ಗೆದ್ದಳು.

"ನೀವು ಕೈಗೆ ಬಂದ ಎಲೆ ನೋಡ್ತೀರಿ," ಅಂದಿದ್ದಳು ಆವತ್ತು. "ನಾನು ಬರದೇ ಇದ್ದದ್ದನ್ನ ನೋಡ್ತೀನಿ. ಬಲಗಡೆಯಿಂದ ಕೆಂಪು ಬರಲಿಲ್ಲ ಅಂದ್ರೆ ಬಲಗಡೆಯವರು ಕೆಂಪು ಹಿಡಿದಿದ್ದಾರೆ. ಅಷ್ಟೇ."

ಕತ್ತರಿಗೆ ಅದಕ್ಕಿಂತ ದೊಡ್ಡ ಹಿಗ್ಗು ಇರಲಿಲ್ಲ. ತಾನು ಒಂದು ಎಲೆ ಬದಲಾಯಿಸಿದರೆ ಐದು ಜನರ ತಲೆಯೊಳಗೆ ಏನೆಲ್ಲ ಬದಲಾಗುತ್ತದೆ, ಅದನ್ನು ಅಕ್ಕ ಎಷ್ಟು ಬೇಗ ಹಿಡಿಯುತ್ತಾಳೆ ಎಂದು ನೋಡುವುದಕ್ಕೇ ಅವನು ವಾರವಿಡೀ ಕಾಯುತ್ತಿದ್ದ.

ಮೊದಲು ತಪ್ಪಿದ್ದು ಒಂದು ಸಣ್ಣ ವಿಷಯ. ಒಂದು ಭಾನುವಾರ ಅಕ್ಕ ಕಟ್ಟಿನಿಂದ ಎರಡು ಎಲೆ ತೆಗೆದಿಟ್ಟುಕೊಂಡಳು. ಮೆಕ್ಯಾನಿಕ್ಕು ಎಣಿಸಿ, "ಅಕ್ಕಾ, ಒಂದು ಕಮ್ಮಿ ಇದೆ," ಅಂದಾಗ ಎಲ್ಲರೂ ನಕ್ಕರು, ಅವಳೂ ನಕ್ಕಳು. ಅದರ ಮುಂದಿನ ವಾರ ಐದೂ ಬಣ್ಣಗಳಿಂದ ಹಿಡಿದುಕೊಂಡಳು. ಎರಡು ಬಣ್ಣ ಮೀರಿದರೆ ಕೈ ಕೂಡುವುದಿಲ್ಲ ಎನ್ನುವುದು ಆ ಮೇಜಿನ ಮೊದಲ ಪಾಠ. ಏನೋ ಹೊಸ ಮಸಲತ್ತು ಇರಬೇಕೆಂದು ಕತ್ತರಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದ. ಮಸಲತ್ತು ಏನೂ ಇರಲಿಲ್ಲ. ಅವಳು ಹೀನಾಯವಾಗಿ ಸೋತಳು, ಸೋತದ್ದು ಹೇಗೆಂದು ಅವಳಿಗೇ ತಿಳಿಯಲಿಲ್ಲ.

ಭಾವ ಅವನನ್ನು ಅಡುಗೆಮನೆಗೆ ಕರೆದರು. ನಲ್ಲಿ ಬಿಟ್ಟು, ಆ ಸದ್ದಿನ ಮರೆಯಲ್ಲಿ ಹೇಳಿದರು.

"ಅಂಗಡಿಯಿಂದ ಕಳಿಸಿಬಿಟ್ರು ಕಣಪ್ಪಾ. ಒಬ್ಬ ಮುದುಕನಿಗೆ ಒಂದೇ ಮಾತ್ರೆ ಎರಡು ಸಲ ಕೊಟ್ಟಿದ್ದಾಳೆ. ಅವನೇ ನೋಡಿ ವಾಪಸ್ ತಂದ, ಏನೂ ಆಗಲಿಲ್ಲ. ಡಾಕ್ಟರ ಹತ್ತಿರ ಹೋಗಿದ್ವಿ."

"ಏನಂದ್ರು?"

"ಮರೆವಿನ ಕಾಯಿಲೆಯಂತೆ. ಇನ್ನು ನೆನಪು ಇಳಿಯೋದೇ ಹೊರತು ಹತ್ತೋದಿಲ್ಲ ಅಂದ್ರು."

ಕತ್ತರಿ ತೊಳೆದಿಟ್ಟ ಲೋಟವನ್ನೇ ಮತ್ತೆ ತೊಳೆದ. ಭಾವ ನಲ್ಲಿ ನಿಲ್ಲಿಸಿದರು.

"ಅವಳಿಗೆ ಗೊತ್ತಾ?" ಕೇಳಿದ ಕತ್ತರಿ.

"ಗೊತ್ತು. ಭಾನುವಾರದ ಆಟ ಒಂದು ಬಿಡಿಸಬೇಡಿ ಅಂದಿದ್ದಾಳೆ."

ಆ ವಾರ ಕತ್ತರಿ ಮನೆಯಲ್ಲಿ ಮುನ್ನೂರು ಎಲೆಗಳನ್ನೂ ನೆಲದ ಮೇಲೆ ಹರಡಿಕೊಂಡು ಕೂತ. ಹನ್ನೊಂದು ವರ್ಷದಲ್ಲಿ ಅವನು ಎಲೆಗಳನ್ನು ತೂಗಿದ್ದು ಆಟಕ್ಕಾಗಿ. ಈಗ ತೂಗಿದ್ದು ಒಬ್ಬಳಿಗಾಗಿ. ಹಿಂದೆ ಏನು ಹೋಯಿತು ಎಂದು ನೆನಪಿಟ್ಟುಕೊಂಡರೆ ಮಾತ್ರ ಬೆಲೆ ಬರುವ ಎಲೆಗಳನ್ನು ಮೊದಲು ತೆಗೆದ. ಅಂಬಿಗ ಹೋದ. ಗಂಟೆ ಬಾರಿಸುವವಳು ಹೋದಳು. ಐದು ದಂಡೆಯಲ್ಲಿ ಎರಡನ್ನು ಪೂರ್ತಿ ಕಿತ್ತುಹಾಕಿದ. ಉದ್ದದ ಸಾಲುಗಳನ್ನು ಚಿಕ್ಕದು ಮಾಡಿದ. ಉಳಿದದ್ದು ನೂರ ಎಂಬತ್ತು ಎಲೆ, ಮೂರು ಬಣ್ಣ, ದೊಡ್ಡ ದೊಡ್ಡ ಅಂಕಿ.

ಮೂರು ವಾರ ಕಳೆಯುವಷ್ಟರಲ್ಲಿ ಟೀಚರು ಮೂಗು ಮುರಿದರು. "ಕತ್ತರಿಯವರೇ, ಇದು ಆಟಾನೋ, ತರಕಾರಿ ಆರಿಸೋದೋ? ದೊಡ್ಡ ಅಂಕಿ ತಗೋ, ಸಣ್ಣ ಅಂಕಿ ಕೊಡು. ನನ್ನ ಮೂರನೇ ಕ್ಲಾಸಿನ ಮಕ್ಕಳೂ ಆಡ್ತಾರೆ."

ಹೊರಗೆ ಲಿಫ್ಟಿನ ಮುಂದೆ ನಿಂತಾಗ ಅವನು ಟೀಚರಿಗೂ ಮೆಕ್ಯಾನಿಕ್ಕಿಗೂ ವಿಷಯ ಹೇಳಿದ. ಟೀಚರ ಮುಖ ಸಪ್ಪಗಾಯಿತು. ಮೆಕ್ಯಾನಿಕ್ಕು ಅಭ್ಯಾಸಬಲದಿಂದ ಲಿಫ್ಟಿನ ಬಾಗಿಲ ಸದ್ದಿಗೆ ಕಿವಿಗೊಟ್ಟವನು, "ನಾನು ಬರ್ತೀನಿ ಬಿಡಿ, ಏನು ಆಡಿದ್ರೂ ಸೈ," ಅಂದ.

ಅಷ್ಟೆಲ್ಲ ಮಾಡಿದರೂ ಅಕ್ಕ ಸೋಲುತ್ತಲೇ ಹೋದಳು. ಸೋತಾಗ ಮೊದಲಿನ ಹಾಗೆ ಜಗಳಕ್ಕೆ ನಿಲ್ಲುತ್ತಿರಲಿಲ್ಲ. ಎಲೆಗಳನ್ನು ಜೋಡಿಸಿ, ಅಂಚು ಸರಿಮಾಡಿ, ಸುಮ್ಮನೆ ಕೂರುತ್ತಿದ್ದಳು. ಅದನ್ನು ನೋಡುವುದು ಕತ್ತರಿಗೆ ಆಗಲಿಲ್ಲ. ಹಾಗಾಗಿ ಅವನು ಹೊಳೆಯೊಡತಿಯನ್ನು ಮಾಡಿದ.

ಹೊಳೆಯೊಡತಿಗೆ ಬಣ್ಣವಿಲ್ಲ, ಯಾರ ಜೊತೆಗೂ ಕೂಡುತ್ತಾಳೆ. ಬಲ ಒಂಬತ್ತು. ಕೆಳಗೆ ಸಾಲೇ ಇಲ್ಲ. ಆರು ಪ್ರತಿ ಕತ್ತರಿಸಿದ. ಅವರಲ್ಲಿ ಇಬ್ಬರು ಒಬ್ಬರದೇ ಕೈ ಸೇರಿದರೆ ಆಟ ಅಲ್ಲಿಗೇ ಮುಗಿಯಿತು. ಭಾವ ಅವಳ ಮುಖ ಬರೆಯುತ್ತ, "ಇದು ಜಾಸ್ತಿ ಆಗಲಿಲ್ವೇನಪ್ಪಾ?" ಎಂದರು. ಕತ್ತರಿ ಮುಂದಿನ ರಟ್ಟನ್ನು ಅವರ ಮುಂದೆ ಸರಿಸಿದ. ಇಂಥ ಎಲೆಯನ್ನು ಬೇರೆ ಯಾರಾದರೂ ಮಾಡಿಕೊಂಡು ಬಂದಿದ್ದರೆ ಅವನೇ ಹರಿದು ಬಿಸಾಡುತ್ತಿದ್ದ. ಎಲ್ಲರೂ ಕಣ್ಣು ಮುಚ್ಚಿ ಒಂದೇ ಎಲೆಗೆ ಕೈ ಹಾಕುವಂತಾದರೆ ಆರಿಸುವುದು ಅಂತ ಏನು ಉಳಿಯಿತು?

ಆದದ್ದೂ ಅದೇ. ಮೊದಲ ಭಾನುವಾರ ಟೀಚರ ಕೈಗೆ ಮೂರು ಹೊಳೆಯೊಡತಿಯರು ಹೋದರು. ಅಕ್ಕ ಕೈಯಲ್ಲಿದ್ದ ಒಬ್ಬಳನ್ನು ಯಾಕೋ ಮುಂದೆ ದಾಟಿಸಿಬಿಟ್ಟಿದ್ದಳು.

ಅವತ್ತು ಮೆಟ್ಟಿಲ ಹತ್ತಿರ ಕತ್ತರಿ ಟೀಚರನ್ನು ತಡೆದ. "ಅದು ಅವಳಿಗೋಸ್ಕರ ಮಾಡಿದ್ದು ಟೀಚರ್."

"ಹಾಗಂತ ಎಲೆಯ ಮೇಲೆ ಬರೆದಿತ್ತಾ? ಕೈಗೆ ಬಂದದ್ದನ್ನ ಬಿಡೋಕೆ ನಾನೇನು ಹುಚ್ಚೀನಾ?"

"ಇನ್ಮೇಲೆ ಬಿಡಿ. ಎಲ್ಲರೂ ಬಿಡೋಣ. ಅವಳ ಹತ್ತಿರ ಹೋಗ್ಲಿ."

ಟೀಚರು ಮೆಟ್ಟಿಲ ಕಂಬಿ ಹಿಡಿದರು. "ಆಯ್ತು. ಆದ್ರೆ ನನಗೆ ಇದು ಸರಿ ಕಾಣಿಸ್ತಿಲ್ಲ, ಅದನ್ನೂ ಹೇಳಿಬಿಡ್ತೀನಿ."

ನಾಲ್ಕು ವಾರ ಅಕ್ಕ ಗೆದ್ದಳು. ಹೊಳೆಯೊಡತಿ ಕಂಡವರೆಲ್ಲ ಕಾಣದವರ ಹಾಗೆ ಬೇರೆ ಎಲೆ ಎತ್ತಿಕೊಂಡರು. ದಾಟುತ್ತ ದಾಟುತ್ತ ಅದು ಅವಳ ಮುಂದೆ ಬಂದು ಬೀಳುತ್ತಿತ್ತು. ಅವಳ ದನಿ ಏರಿತು, ಮೆಕ್ಯಾನಿಕ್ಕನ್ನು ಗೇಲಿ ಮಾಡಿದಳು, ಭಾವನಿಗೆ "ಮೂವತ್ತೈದು ವರ್ಷ ನಕ್ಷೆ ಬರೆದ್ರಿ, ಒಂದು ದಾರಿ ಕಾಣಿಸ್ಲಿಲ್ವಾ?" ಎಂದು ಛೇಡಿಸಿದಳು. ಚಹಾ ತಾನೇ ಮಾಡಿದಳು. ಕತ್ತರಿ ಬಸ್ಸಿನಲ್ಲಿ ಮನೆಗೆ ಹೋಗುತ್ತ ಒಬ್ಬನೇ ನಕ್ಕ. ಮಾಡಿದ್ದು ತಪ್ಪಲ್ಲ ಎಂದು ತನಗೆ ತಾನೇ ಹೇಳಿಕೊಂಡ. ಆ ನಾಲ್ಕು ವಾರ ಅವನು ಹಾಗೆ ನಂಬಿಯೂ ಇದ್ದ.

ಐದನೆಯ ಭಾನುವಾರ, ಎರಡನೇ ಸುತ್ತು. ಕತ್ತರಿ ಎಂದಿನಂತೆ ಅಕ್ಕನ ಬಲಕ್ಕೆ ಕೂತಿದ್ದ. ಅವನು ದಾಟಿಸಿದ ಕಟ್ಟನ್ನು ಅವಳು ಎತ್ತಿ, ಬಿಡಿಸಿ, ಅದನ್ನೇ ನೋಡುತ್ತ ಉಳಿದಳು. ಆಮೇಲೆ ಬೆರಳಿನಿಂದ ಎಣಿಸಿದಳು. ಮೇಜಿನ ಸುತ್ತ ಇದ್ದವರಿಗೆಲ್ಲ ಕೇಳುವ ಹಾಗೆ ಎಣಿಸಿದಳು.

"ಆರು."

ಎಣಿಸಿದ ಎಲೆಗಳನ್ನು ಬೀಸಣಿಗೆಯಂತೆ ಬಿಡಿಸಿ ಹಿಡಿದಳು.

"ಹತ್ತರ ಕಟ್ಟು ಆರಾಗಿದೆ. ಅಂದ್ರೆ ನಾಲ್ಕು ಜನ ನೋಡಿದ್ದೀರಿ." ಅವಳು ಹೊಳೆಯೊಡತಿಯನ್ನು ಎಳೆದು ಮೇಜಿನ ನಡುವೆ ಅಂಗಾತ ಇಟ್ಟಳು. "ನಾಲ್ಕು ಜನವೂ ಇವಳನ್ನ ಬಿಟ್ಟು ಬೇರೆ ಏನೋ ತಗೊಂಡಿದ್ದೀರಿ. ಏನು ತಗೊಂಡ್ರಿ? ತೋರಿಸಿ."

ಕತ್ತರಿ ತಲೆಯೆತ್ತಿದ. ಅವಳ ಕಣ್ಣಲ್ಲಿ ಹಳೆಯ ಅಕ್ಕ ಇದ್ದಳು, ಔಷಧಿ ಚೀಟಿಯಲ್ಲಿ ಡಾಕ್ಟರ ತಪ್ಪು ಹಿಡಿಯುತ್ತಿದ್ದವಳು. ಎಷ್ಟೋ ತಿಂಗಳಿಂದ ಅವನು ಆ ಅಕ್ಕನನ್ನು ನೋಡಿರಲಿಲ್ಲ.

"ಗಮನಿಸಿಲ್ಲ ಅಕ್ಕಾ," ಅಂದ.

"ನಾಲ್ಕು ಜನಾನೂ?"

"ಬಣ್ಣ ಹೊಂದಲಿಲ್ಲ ಅಂತ..."

"ಅದಕ್ಕೆ ಬಣ್ಣಾನೇ ಇಲ್ವಲ್ಲೋ."

ಮೆಕ್ಯಾನಿಕ್ಕು ತನ್ನ ಎಲೆಗಳನ್ನು ಮುಚ್ಚಿಟ್ಟ. ಭಾವ ಕನ್ನಡಕ ತೆಗೆದು ಒರೆಸತೊಡಗಿದರು. ಅಕ್ಕ ಒಬ್ಬೊಬ್ಬರ ಮುಖವನ್ನೂ ನೋಡಿ ಕೊನೆಗೆ ಟೀಚರ ಮೇಲೆ ಕಣ್ಣು ನಿಲ್ಲಿಸಿದಳು. "ನೀವು ಸುಳ್ಳು ಹೇಳೋರಲ್ಲ. ಎಷ್ಟು ವಾರದಿಂದ?"

"ಐದು," ಅಂದರು ಟೀಚರು. "ಇದು ಸೇರಿ."

"ನನಗೆ ಮರೆವು ಬಂದಿದೆ. ಬೆಳಿಗ್ಗೆ ಹಲ್ಲುಜ್ಜಿದ್ದು ಮರೀತೀನಿ, ನನಗೆ ಗೊತ್ತು. ಆದ್ರೆ ಇಲ್ಲಿ ಕೂತಾಗ..." ಅವಳು ಮಾತು ಹುಡುಕಿದಳು. ಸಿಗಲಿಲ್ಲ. ಕೈ ಗಾಳಿಯಲ್ಲಿ ಎರಡು ಸಲ ಆಡಿತು. ಆಮೇಲೆ ಕತ್ತರಿಯ ಕಡೆ ತಿರುಗಿದಳು.

"ಸೋಲೋದಕ್ಕೂ ಬಿಡಲಿಲ್ವಲ್ಲೋ ನೀನು."

ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ಅವಳು ಬೈಯಲಿಲ್ಲ, ಅಳಲೂ ಇಲ್ಲ. ಕೈಯಲ್ಲಿದ್ದ ಎಲೆಗಳನ್ನು ಕಟ್ಟಿ, ಅಂಚು ಸರಿಮಾಡಿ, ಅವನ ಮುಂದೆ ಇಟ್ಟು, ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಚಿಲಕ ಬಿದ್ದದ್ದು ಎಲ್ಲರಿಗೂ ಕೇಳಿಸಿತು.

ಮುಂದಿನ ಭಾನುವಾರ ಟೀಚರು ಬರಲಿಲ್ಲ. ಪರೀಕ್ಷೆಯ ಪೇಪರು ತಿದ್ದಬೇಕೆಂದು ಹೇಳಿ ಕಳಿಸಿದರು. ಮೆಕ್ಯಾನಿಕ್ಕು ಬಂದು ಬಾಗಿಲಲ್ಲೇ ನಿಂತು ಮಾತಾಡಿಸಿ ಹೋದ. ಅಕ್ಕ ಕೋಣೆಯಿಂದ ಈಚೆ ಬರಲಿಲ್ಲ.

ಕತ್ತರಿಗೆ ಉಳಿದದ್ದು ಒಂದೇ ದಾರಿ. ಹಳೆಯ ಆಟವನ್ನು ಇದ್ದ ಹಾಗೇ ಮತ್ತೆ ಕಟ್ಟುವುದು. ಕಿತ್ತುಹಾಕಿದ ಎಲೆಗಳಲ್ಲಿ ಅರ್ಧಕ್ಕರ್ಧ ಅವನು ಮುಖದ ಮೇಲೆ ಕಾಗದ ಅಂಟಿಸಿ, ಸಾಲು ಚಿಕ್ಕದು ಮಾಡಿದ ಎಲೆಗಳಿಗೆ ಬಳಸಿಬಿಟ್ಟಿದ್ದ. ಅವನ್ನೆಲ್ಲ ಮೊದಲಿನಿಂದ ಮಾಡಬೇಕಾಯಿತು. ಊಟದ ಬಿಡುವಿನಲ್ಲಿ ಪ್ರೆಸ್ಸಿನ ಯಂತ್ರದ ಮುಂದೆ ನಿಂತು ರಟ್ಟು ಕತ್ತರಿಸಿದ. ಭಾವ ಮುಖ ಬರೆದುಕೊಟ್ಟರು, ಆದರೆ ಅವರ ಕೈ ಈಗ ನಡುಗುತ್ತಿತ್ತು. ಹೊಸ ಅಂಬಿಗನ ಬಾಯಿ ಒಂದು ಕಡೆ ಸೊಟ್ಟಗಾಗಿತ್ತು. ಹೊಳೆಯೊಡತಿಯರನ್ನು ಆರಕ್ಕಾರನ್ನೂ ಯಂತ್ರದ ಅಲಗಿನ ಕೆಳಗೆ ಇಟ್ಟು ಚೂರು ಮಾಡಿದ. ಎಲ್ಲ ಮುಗಿಯುವಾಗ ಎರಡು ತಿಂಗಳಾಗಿತ್ತು.

ಆ ಎರಡು ತಿಂಗಳನ್ನು ಅವನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಅಕ್ಕನ ಕಾಯಿಲೆ ತೆಗೆದುಕೊಂಡಿತ್ತು.

ಅವನು ಟೀಚರ ಮನೆಗೆ ಹೋಗಿ ಕೈಮುಗಿದು ಕರೆದ. ಮೆಕ್ಯಾನಿಕ್ಕಿಗೆ ಫೋನು ಮಾಡಿದ. ಐದು ಜನರೂ ಕೂತರು. ಭಾವ ಅಕ್ಕನ ಕೈ ಹಿಡಿದು ಕರೆತಂದು ಅವಳ ಕುರ್ಚಿಯಲ್ಲೇ ಕೂರಿಸಿದರು. ತಲೆ ಬಾಚಿದ್ದರು, ಬೈತಲೆ ಸೊಟ್ಟಗಿತ್ತು. ಅವಳು ಎಲ್ಲರನ್ನೂ ನೋಡಿ, ಮನೆಗೆ ಬಂದವರನ್ನು ನೋಡಿ ನಗುವ ಹಾಗೆ ನಕ್ಕಳು.

"ಅಕ್ಕಾ, ಹಳೇ ಆಟ," ಅಂದ ಕತ್ತರಿ. "ಅಂಬಿಗ ಇದ್ದಾನೆ, ಕಳ್ಳ ಇದ್ದಾನೆ, ಎಲ್ಲ ಇದ್ದಾರೆ. ಯಾರೂ ಏನೂ ಬಿಟ್ಟುಕೊಡಲ್ಲ. ನನ್ನಾಣೆ."

ಐದು ಕಟ್ಟು ಬಿಚ್ಚಿದರು. ನಾಲ್ವರು ಒಂದೊಂದು ಎಲೆ ಆರಿಸಿ ಉಳಿದದ್ದನ್ನು ಎಡಕ್ಕೆ ಇಟ್ಟರು. ಅಕ್ಕ ತನ್ನ ಹತ್ತನ್ನೂ ಹಿಡಿದುಕೊಂಡು ಕೂತಳು. ಒಂದೊಂದರ ಮೇಲೂ ಬೆರಳಾಡಿಸಿದಳು. ಕತ್ತರಿ ದಾಟಿಸಿದ ಒಂಬತ್ತು ಅವಳ ಮುಂದೆ ಬಂದಿದ್ದನ್ನು ಕಂಡು, ಅವನ್ನೂ ಎತ್ತಿ ತನ್ನ ಹತ್ತರ ಜೊತೆ ಸೇರಿಸಿ, ಎರಡೂ ಕೈಯಲ್ಲಿ ಎದೆಗವಚಿಕೊಂಡಳು.

"ಒಂದು ಇಟ್ಕೊಂಡು ಉಳಿದದ್ದು ಕೊಡಬೇಕು ಕಣೇ," ಎಂದರು ಭಾವ ಮೆಲ್ಲಗೆ.

"ಯಾರದ್ದು ಇದು?"

"ನಿನ್ನದೇ."

"ನನ್ನದಾದ್ರೆ ಯಾಕೆ ಕೊಡಬೇಕು?"

ಅವಳ ಎಡಗಡೆ ಕೂತ ಮೆಕ್ಯಾನಿಕ್ಕು ಬರಬೇಕಾದ ಕಟ್ಟಿಗೆ ಕೈ ಚಾಚಿದ್ದವನು ಕೈ ಹಿಂದಕ್ಕೆ ತೆಗೆದುಕೊಂಡ. ಸ್ವಲ್ಪ ಹೊತ್ತಿಗೆ ಟೀಚರು ತಮ್ಮ ಎಲೆಗಳನ್ನೂ ಅಕ್ಕನ ಕಡೆಗೆ ಸರಿಸಿದರು, ಅವಳು ಅವನ್ನೂ ತೆಗೆದುಕೊಂಡಳು. ಟೀಚರು ಎದ್ದು ಬಾಲ್ಕನಿಗೆ ಹೋಗಿ ಬೆನ್ನು ತಿರುಗಿಸಿ ನಿಂತರು.

ಎಲ್ಲರೂ ಹೋದ ಮೇಲೆ ಕತ್ತರಿ ಅಕ್ಕನ ಮುಂದೆ ಕುಕ್ಕರಗಾಲಲ್ಲಿ ಕೂತ. "ತಪ್ಪಾಯ್ತು ಅಕ್ಕಾ. ಅವತ್ತು ಹಾಗೆ ಮಾಡಬಾರದಿತ್ತು."

"ಯಾವತ್ತು?"

"ಆ ಭಾನುವಾರ. ನೀನು ಎಲೆ ಇಟ್ಟು ಎದ್ದು ಹೋದೆಯಲ್ಲ."

ಅವಳು ಅವನ ತಲೆಯ ಮೇಲೆ ಕೈಯಿಟ್ಟಳು. "ಪರವಾಗಿಲ್ಲ ಬಿಡಪ್ಪಾ," ಅಂದಳು. ಯಾವುದಕ್ಕೆಂದು ಅವಳಿಗೆ ತಿಳಿದಿರಲಿಲ್ಲ. ಅದು ಅವನಿಗೆ ತಿಳಿಯಿತು. ಅವನ ಮೇಲಿದ್ದ ಸಿಟ್ಟನ್ನು ಅವಳು ಮರೆತಿದ್ದಳು, ಸಿಟ್ಟಿನ ಜೊತೆಗೆ ಕ್ಷಮಿಸಬಲ್ಲವಳೂ ಹೊರಟುಹೋಗಿದ್ದಳು. ಎರಡು ತಿಂಗಳ ಹಿಂದೆ ಆ ಚಿಲಕದ ಬಾಗಿಲು ತಟ್ಟಿ ಕೂತಿದ್ದರೆ ಬೈದಾದರೂ ಬೈಯುತ್ತಿದ್ದಳು. ಅವನು ಬಾಗಿಲು ತಟ್ಟದೆ ರಟ್ಟು ಕತ್ತರಿಸಲು ಹೋಗಿದ್ದ.

ಆಮೇಲೆ ಆಟ ನಡೆಯಲಿಲ್ಲ. ಟೀಚರು ತಮ್ಮ ಶಾಲೆಯ ಜೊತೆಯವರೊಂದಿಗೆ ಆಡುತ್ತೇನೆಂದು ಮುನ್ನೂರು ಎಲೆಗಳನ್ನೂ ಕೇಳಿದರು. ಕತ್ತರಿ ಕೊಟ್ಟುಬಿಟ್ಟ. ಒಂದು ಸಲ ಬಂದು ನೋಡಿ, ಅಂಬಿಗನಿಗೆ ಹೇಗೆ ಕಿತ್ತಾಡುತ್ತಾರೆ ನೋಡಿ ಎಂದು ಅವರು ಎರಡು ಮೂರು ಸಲ ಕರೆದರು. ಅವನು ಹೋಗಲಿಲ್ಲ. ಮೆಕ್ಯಾನಿಕ್ಕಿಗೆ ಬೇರೆ ಬಡಾವಣೆಯ ಕೆಲಸ ಬಿತ್ತು.

ಭಾನುವಾರ ಮಾತ್ರ ಕತ್ತರಿ ತಪ್ಪಿಸಲಿಲ್ಲ. ಅವನು ಬಂದರೆ ಭಾವನಿಗೆ ಎರಡು ಗಂಟೆ ನಿದ್ದೆ. ಅಕ್ಕನ ಪಕ್ಕ ಕುರ್ಚಿ ಹಾಕಿಕೊಂಡು ಕೂರುತ್ತಿದ್ದ. ಅವಳು ಅವನನ್ನು ಒಮ್ಮೊಮ್ಮೆ ನೀನು, ಒಮ್ಮೊಮ್ಮೆ ನೀವು ಅನ್ನುತ್ತಿದ್ದಳು. ನೀವು ಅನ್ನುವ ವಾರಗಳು ಹೆಚ್ಚಾದವು.

ಅಂಥ ಒಂದು ವಾರ, ಹೊರಗೆ ಬಿಸಿಲು ಚುರುಗುಟ್ಟುತ್ತಿದ್ದಾಗ, ಅವನು ಅವಳಿಗೆ ಎಲ್ಲವನ್ನೂ ಹೇಳಿದ. ಒಬ್ಬ ಹೆಂಗಸು ಇದ್ದಳು, ಎಲೆ ಆರಿಸುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ, ಅವಳಿಗೆ ಮರೆವು ಶುರುವಾಯಿತು ಎಂದು ಮೊದಲುಮಾಡಿ, ಒಡತಿಯ ಎಲೆ, ನಾಲ್ಕು ಜನರ ಒಳಒಪ್ಪಂದ, ಆರು ಎಲೆಯ ಕಟ್ಟು, ಬಾಗಿಲ ಚಿಲಕ, ಒಂದನ್ನೂ ಬಿಡಲಿಲ್ಲ. ಅವಳು ಗಲ್ಲಕ್ಕೆ ಕೈಕೊಟ್ಟು, ಬೇರೆ ಯಾರದೋ ಮನೆಯ ಕಥೆ ಕೇಳುವ ಹಾಗೆ ಬಹಳ ಗಮನಕೊಟ್ಟು ಕೇಳಿದಳು.

"ಅಯ್ಯೋ ಪಾಪ," ಅಂದಳು ಕೊನೆಗೆ. "ಆ ಹೆಂಗಸಿಗೆ ಹಾಗೆ ಮಾಡಬಾರದಿತ್ತು."

"ಹೌದು," ಅಂದ ಕತ್ತರಿ. "ಮಾಡಬಾರದಿತ್ತು."

"ಅವಳ ತಮ್ಮನೇ ಮಾಡಿದ್ದು ಅಂದ್ರಾ?"

"ಅವನೇ."

ಅವಳು ನಾಲಿಗೆ ಲೊಚಗುಟ್ಟಿ ತಲೆ ಕೊಡವಿದಳು. ಆಮೇಲೆ ಕಿಟಕಿಯ ಕಡೆ ತಿರುಗಿದಳು. ಎದುರು ಕಟ್ಟಡದ ಮೇಲೆ ಯಾರೋ ಒಗೆದ ಬಟ್ಟೆ ಹರವುತ್ತಿದ್ದರು, ಅವಳು ಅದನ್ನು ನೋಡುತ್ತ ಕೂತಳು. ಒಳಗೆ ಭಾವ ಎದ್ದು ಕೆಮ್ಮಿದ ಸದ್ದು ಕೇಳಿ, ಕತ್ತರಿ ಚಹಾಕ್ಕೆ ನೀರಿಡಲು ಎದ್ದ.